ಅಮ್ಮನ ನೋವನ್ನು ಅಮ್ಮನೇ ಹೇಳಲಿ

ದೊಡ್ಡಬಳ್ಳಾಪುರದ ಮಗ್ಗದ ಕೇರಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿಗೆ ಒಂದು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಕೇಳಿದರೆ "ದಿಲ್ ಘಬ್ರಾರಾ" ಎನ್ನುತ್ತಾರೆ. ಮನೆಮಾತು ಉರ್ದು, ಆಸ್ಪತ್ರೆಯಲ್ಲಿ ಕನ್ನಡ. ಹೈಸ್ಕೂಲಿಗೆ ಹೋಗುವ ಮಗಳು ಜೊತೆಗೆ ಹೋಗಿ, "ಅಮ್ಮನಿಗೆ ಎದೆ ಹೊಡೆದುಕೊಳ್ಳುತ್ತದಂತೆ" ಎಂದು ಹೇಳುತ್ತಾಳೆ. ಇಸಿಜಿ ಆಗುತ್ತದೆ, ರಕ್ತ ಪರೀಕ್ಷೆ ಆಗುತ್ತದೆ. ಎಲ್ಲವೂ ಸರಿಯಾಗಿದೆ ಎಂದು ಹೇಳಿ ಕಳಿಸುತ್ತಾರೆ. ಮನೆಗೆ ಬಂದ ಮೇಲೆ ತಾಯಿಯ ಸ್ಥಿತಿ ಮಾತ್ರ ಮೊದಲಿನಂತೆಯೇ ಇರುತ್ತದೆ.

ಎದೆಯ ಪರೀಕ್ಷೆ ಮಾಡಿಸಿದ್ದು ಒಳ್ಳೆಯದೇ. ಆದರೆ ನಮ್ಮ ಮನೆಗಳಲ್ಲಿ ಆ ಮಾತಿಗೆ ಆತಂಕ, ದಿಗಿಲು, ತಳಮಳ ಎಂಬ ಅರ್ಥವೂ ಇದೆ. ಆ ಅರ್ಥ ವೈದ್ಯರ ಕಿವಿಗೆ ತಲುಪಲೇ ಇಲ್ಲ. ಸಾಲದ ಚಿಂತೆ, ಗಂಡನ ಜೊತೆಗಿನ ಮನಸ್ತಾಪ, ಬದುಕೇ ಬೇಡ ಎನಿಸುವ ಯೋಚನೆ, ಇವನ್ನೆಲ್ಲ ಯಾವ ತಾಯಿ ತಾನೇ ಮಗಳ ಬಾಯಿಂದ ಹೇಳಿಸಿಯಾಳು?

ಮನಸ್ಸಿನ ಕಾಯಿಲೆಯನ್ನು ಮಾತಿನಿಂದಲೇ ಗುರುತಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕವನ್ನು ಆರಂಭಿಸಿ, ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡತೊಡಗಿತು. ಮುಂದೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೆ ಬಾಗಿಲಿಗೆ ಬರುವ ಕಾರ್ಯಕರ್ತೆ ಸರಿಯಾಗಿ ಕೇಳಿಸಿಕೊಂಡರೆ ಕಾಯಿಲೆ ಬೇಗ ಗೊತ್ತಾಗುತ್ತದೆ ಎಂಬ ನಂಬಿಕೆ ಈ ಕೆಲಸದ ಹಿಂದೆ ಇತ್ತು.

ಒಳ್ಳೆಯ ಸಮಾಜ ಕಾರ್ಯಕರ್ತರು ಮೊದಲೇ ಬುದ್ಧಿ ಹೇಳುವುದಿಲ್ಲ. "ಏನಾಗುತ್ತಿದೆ, ನಿಧಾನವಾಗಿ ಹೇಳಿ" ಎನ್ನುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ. ಕೊನೆಗೆ "ನೀವು ಹೇಳಿದ್ದು ಹೀಗೆ ಅಲ್ಲವೇ?" ಎಂದು ತಿರುಗಿ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಮನೆಯವರಾದ ನೀವೂ ಇದನ್ನು ಕಲಿಯಬಹುದು.

* ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ.
* ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬೇಡಿ. ಎರಡೂ ಭಾಷೆ ಬಲ್ಲ ನರ್ಸ್ ಅಥವಾ ಆಶಾ ಕಾರ್ಯಕರ್ತೆ ಇದ್ದಾರೆಯೇ ಎಂದು ವಿಚಾರಿಸಿ.
* ರೋಗಿಯ ಪರವಾಗಿ ನೀವೇ ಉತ್ತರ ಕೊಡಬೇಡಿ. ಅವರು ಬಯಸಿದರೆ ಐದು ನಿಮಿಷ ವೈದ್ಯರ ಜೊತೆ ಒಬ್ಬರನ್ನೇ ಬಿಡಿ.
* "ನಿನ್ನ ಈಮಾನ್ ಕಮ್ಮಿ, ಅದಕ್ಕೇ ಹೀಗೆ" ಎನ್ನಬೇಡಿ. ನೊಂದವರಿಗೆ ಅದು ಇನ್ನೊಂದು ಗಾಯ. ನಮಾಝ್, ದುಆ ಮನಸ್ಸಿಗೆ ಬಲ ಕೊಡುತ್ತವೆ. ಚಿಕಿತ್ಸೆ ಪಡೆಯಿರಿ ಎಂಬುದೂ ಪ್ರವಾದಿ(ಸ)ಯವರ ಬೋಧನೆಯೇ.
* "ಸತ್ತರೆ ಸಾಕು" ಎಂಬ ಮಾತು ಬಂದರೆ ಗದರಿಸಬೇಡಿ. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.
* ಸ್ವಲ್ಪ ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಕಾನೂನು ಕೂಡ ನಿಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಅವರ ವಿಷಯವನ್ನು ಗುಟ್ಟಾಗಿಡಬೇಕು. ಆದ್ದರಿಂದ "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನಲು ಸಂಕೋಚ ಬೇಡ.

ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸರಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸಿ. ಹೋಗಲು ಹಿಂಜರಿಕೆಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಲಭ್ಯ. ಕನ್ನಡ, ಹಿಂದಿ ಸೇರಿ ಹಲವು ಭಾಷೆಗಳಲ್ಲಿ ಮಾತನಾಡಬಹುದು.

ಯಾರಿಗಾದರೂ ಜ್ವರ ಬಂದರೆ, ಆಪರೇಷನ್ ಆದರೆ ನಾವು ಹಣ್ಣು ಹಿಡಿದು ನೋಡಲು ಹೋಗುತ್ತೇವೆ. ಮನಸ್ಸು ಕುಗ್ಗಿದವರ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ. ಈ ವಾರ ಅಂಥ ಒಬ್ಬರ ಮನೆಗೆ ಹೋಗಿ ಬನ್ನಿ. ಉಪದೇಶ ಬೇಡ, ಅವರು ಹೇಳುವುದನ್ನು ಕೇಳಿ ಬನ್ನಿ.