ಉರುಳೆಗಳ ನಡುವೆ ಹಾದುಬಂದ ಓಟ್ಸ್

ಅಂಗಡಿಯಿಂದ ತಂದ ಓಟ್ಸ್ ಒಲೆಯ ಮೇಲೆ ಐದಾರು ನಿಮಿಷಗಳಲ್ಲಿ ಗಂಜಿಯಾಗುವುದಷ್ಟೆ. ಈ ಸೌಲಭ್ಯವು ಆ ಧಾನ್ಯಕ್ಕೆ ಹುಟ್ಟಿನಿಂದ ಬಂದುದಲ್ಲ. ಹೊಲದಲ್ಲಿ ಬೆಳೆದ ಓಟ್ಸಿನ ಕಾಳು ಗಡುಸಾದ ಹೊಟ್ಟಿನೊಳಗೆ ಅಡಗಿರತಕ್ಕದ್ದು. ಹೊಟ್ಟನ್ನು ಕಳೆದ ಮೇಲೂ ಇಡಿಯ ಕಾಳು ಮೆತ್ತಗಾಗಬೇಕಾದರೆ ಮುಕ್ಕಾಲು ಗಂಟೆಯ ಉರಿ ಬೇಕು. ಅಂಥ ಕಾಳನ್ನು ಬೆಳಗಿನ ಅವಸರಕ್ಕೆ ಒಗ್ಗಿಸಿದ ಕೀರ್ತಿ ಯಂತ್ರಕ್ಕೆ ಸಲ್ಲುತ್ತದೆ.

ಗಿರಣಿಯಲ್ಲಿ ವೇಗದಿಂದ ತಿರುಗುವ ಚಕ್ರವೊಂದು ಕಾಳುಗಳನ್ನು ಸುತ್ತಲಿನ ಗೋಡೆಗೆ ಎಸೆಯುತ್ತದೆ. ಆ ಆಘಾತದಿಂದ, ಧಾನ್ಯದ ತೂಕದಲ್ಲಿ ಸುಮಾರು ಕಾಲುಭಾಗವಾದ ಹೊಟ್ಟು ಕಳಚಿಕೊಂಡು, ಗಾಳಿಯ ಸೆಳೆತಕ್ಕೆ ಸಿಕ್ಕಿ ಬೇರೆಯಾಗುತ್ತದೆ. ಆದರೆ ಇಲ್ಲಿಂದಾಚೆಗೆ ಒಂದು ಅಪಾಯ ಉಂಟು. ಗೋಧಿ ಅಕ್ಕಿಗಳಿಗಿಂತ ಓಟ್ಸಿನಲ್ಲಿ ಕೊಬ್ಬಿನಂಶ ಬಹಳ ಹೆಚ್ಚು. ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅದೇ ಕಾಳಿನಲ್ಲಿದೆ. ಕಾಳು ಜಜ್ಜಿದೊಡನೆ ಇವೆರಡೂ ಕೂಡಿ, ಕೆಲವೇ ದಿನಗಳಲ್ಲಿ ಹಿಟ್ಟು ಕಮಟಾಗಿ ಕಹಿಯಾಗುತ್ತದೆ. ಆದುದರಿಂದಲೇ ಕಾಳನ್ನು ಹಬೆಯಲ್ಲಿ ಕಾಯಿಸಿ, ಕಿಣ್ವದ ಶಕ್ತಿಯನ್ನುಡುಗಿಸಿ, ಒಣಗಿಸುತ್ತಾರೆ. ನಾವು ಮೆಚ್ಚುವ ಆ ಹುರಿದ ಪರಿಮಳವೂ ಈ ಕಾವಿನ ಫಲವೇ.

ಅನಂತರ ಬರುವುದು ಉರುಳೆಗಳು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ, ಜರ್ಮನಿಯಿಂದ ವಲಸೆಬಂದ ಫರ್ಡಿನಾಂಡ್ ಶೂಮಾಕರ್ ಎಂಬ ವರ್ತಕನು ಓಟ್ಸನ್ನು ಕುದುರೆಯ ಮೇವೆಂಬ ಅಪಖ್ಯಾತಿಯಿಂದ ಬಿಡಿಸಿ ಮನುಷ್ಯರ ಊಟದ ಮೇಜಿಗೆ ಏರಿಸಲು ಬಹುಕಾಲ ದುಡಿದವನು. ಮೊದಲು ಕಾಳನ್ನು ಉಕ್ಕಿನ ಅಲಗುಗಳಿಂದ ತುಂಡರಿಸುತ್ತಿದ್ದರು. 1870ರ ದಶಕದ ಈಚೆಗೆ, ಮರಳಿ ಹಬೆಯೂಡಿ ಮೆದುವಾಗಿಸಿದ ಕಾಳನ್ನು ಎದುರುಬದುರಾಗಿ ತಿರುಗುವ ಎರಡು ಭಾರವಾದ ಉರುಳೆಗಳ ನಡುವೆ ಹಾಯಿಸಿ ಚಪ್ಪಟೆಮಾಡುವ ಪದ್ಧತಿ ಬೆಳೆಯಿತು. ನೆನೆಸಿದ ಭತ್ತವನ್ನು ಹುರಿದು, ಬಿಸಿಯಾಗಿರುವಾಗಲೇ ಕುಟ್ಟಿ ಅವಲಕ್ಕಿ ಮಾಡುವ ನಮ್ಮ ಹಿರಿಯರು ಇದೇ ತತ್ತ್ವವನ್ನು ಬಲ್ಲವರಾಗಿದ್ದರು.

ಚಪ್ಪಟೆಯಾದುದರಿಂದ ಬೇಯುವ ಕಾಲ ಇಷ್ಟೊಂದು ಕುಗ್ಗುವುದೇಕೆ? ನೀರು ಕಾಳಿನೊಳಕ್ಕೆ ಇಳಿಯಲು ಬೇಕಾದ ಕಾಲವು ದಪ್ಪದ ವರ್ಗಕ್ಕೆ ಅನುಸಾರವಾಗಿರುತ್ತದೆ. ಎಂದರೆ ದಪ್ಪವು ಅರ್ಧವಾದರೆ ಕಾಲವು ಸುಮಾರಾಗಿ ನಾಲ್ಕನೆಯ ಒಂದು ಪಾಲಾಗುತ್ತದೆ. ಉರುಳೆಗಳ ನಡುವಣ ಅಂತರವನ್ನು ಕೂದಲೆಳೆಯಷ್ಟು ಬದಲಿಸಿದರೂ ಅಡುಗೆಮನೆಯಲ್ಲಿ ಅದರ ಪರಿಣಾಮ ತೋರುವುದು ಈ ಕಾರಣದಿಂದಲೇ. ಕ್ಷಣದಲ್ಲಿ ಬೇಯುವ ಬಗೆಯ ಓಟ್ಸನ್ನು ಮೊದಲು ತುಂಡರಿಸಿ, ಆಮೇಲೆ ಇನ್ನೂ ತೆಳುವಾಗಿ ಒತ್ತಿರುತ್ತಾರೆ.

ಯಂತ್ರದ ಈ ಉಪಕಾರಕ್ಕೆ ಒಂದು ಮಿತಿಯುಂಟೆಂಬುದನ್ನು ನಾನು ಒತ್ತಿಹೇಳಬೇಕು. ನೀರು ಬೇಗನೆ ನುಗ್ಗುವೆಡೆಗೆ ಜೀರ್ಣರಸಗಳೂ ಬೇಗನೆ ನುಗ್ಗುತ್ತವೆ. ಆದ್ದರಿಂದ ತೀರ ತೆಳುವಾದ ಓಟ್ಸಿನ ಪಿಷ್ಟವು ಶೀಘ್ರವಾಗಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಈ ಧಾನ್ಯದ ಮುಖ್ಯ ಗುಣವಿರುವುದು ಬೀಟಾ-ಗ್ಲೂಕನ್ ಎಂಬ ಕರಗುವ ನಾರಿನಲ್ಲಿ. ಅದು ಕರುಳಿನಲ್ಲಿ ಲೋಳೆಯಾಗಿ ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಪಿತ್ತಾಮ್ಲಗಳನ್ನು ಹಿಡಿದು ಹೊರಕ್ಕೆ ಸಾಗಿಸುವುದರಿಂದ, ಯಕೃತ್ತು ಅವನ್ನು ಹೊಸದಾಗಿ ನಿರ್ಮಿಸಲು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕನ್ ಹೃದಯಕ್ಕೆ ಹಿತವೆಂಬ ಹೇಳಿಕೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಸಮ್ಮತಿಯಿತ್ತಿತು. ಸುಮಾರು 75 ಗ್ರಾಂ ಓಟ್ಸಿನಲ್ಲಿ ಅಷ್ಟು ದೊರೆಯುತ್ತದೆ.

ಮಧುಮೇಹವುಳ್ಳವರು ದಪ್ಪ ಬಗೆಯದನ್ನೇ ಆರಿಸಿಕೊಳ್ಳುವುದು ಲೇಸು. ಸಕ್ಕರೆ ಬೆರೆಸಿದ ಪೊಟ್ಟಣಗಳನ್ನು ಅವರು ದೂರವಿಡಲಿ. ಒಂದು ಬಟ್ಟಲು ಓಟ್ಸಿಗೆ ಎರಡು ಬಟ್ಟಲು ತಣ್ಣೀರು ಹೊಯ್ದು ಸಣ್ಣ ಉರಿಯಲ್ಲಿಡಬೇಕು; ನೀರು ಮೆಲ್ಲಗೆ ಕಾಯುತ್ತಿರುವಾಗ ಪಿಷ್ಟವೂ ನಾರೂ ಬಿಟ್ಟುಕೊಂಡು ಗಂಜಿ ನುಣ್ಣಗಾಗುತ್ತದೆ. ಸ್ಕಾಟ್ಲೆಂಡಿನವರು ಇದಕ್ಕೆ ಉಪ್ಪನ್ನಷ್ಟೇ ಹಾಕಿ, ಸ್ಪರ್ಟಲ್ ಎಂಬ ಮರದ ಕೋಲಿನಿಂದ ಗಂಟಾಗದಂತೆ ತಿರುವುವರು. ಹಾಲು ಬೇಕೆನ್ನುವವರು ಗಂಜಿ ಬೆಂದ ಮೇಲೆ ಸೇರಿಸಲಿ. ಮೊದಲೇ ಸೇರಿಸಿದರೆ ತಳ ಹಿಡಿಯುತ್ತದೆ.