ಕೆಂಟ್ ಬಿಟ್ಟು ಬಂದ ಮಾಸ್ತರು

ಮಕ್ಕಳೇ, ಇಂಗ್ಲೆಂಡಿನ ಭೂಪಟ ಸಿಕ್ಕರೆ ಅದರ ಆಗ್ನೇಯ ಮೂಲೆಯನ್ನೊಮ್ಮೆ ನೋಡಿ. ಸಮುದ್ರದೊಳಕ್ಕೆ ಮೂಗು ಚಾಚಿದಂತೆ ಕಾಣುವ ಭಾಗವೇ ಕೆಂಟ್. ಅದೊಂದು ಕೌಂಟಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಕ್ರಿಕೆಟ್ಟಿನಲ್ಲಿ ನಮಗೆ ಕರ್ನಾಟಕ ತಂಡ ಹೇಗೋ, ಅಲ್ಲಿಯವರಿಗೆ ತಮ್ಮ ಕೌಂಟಿ ತಂಡ ಹಾಗೆ. ಇಂಥ ಹದಿನೆಂಟು ತಂಡಗಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಊರೂರು ತಿರುಗಿ ಆಡುತ್ತವೆ. ಈ ಕೌಂಟಿ ಚಾಂಪಿಯನ್‌ಷಿಪ್ 1890ರಿಂದ ನಡೆದುಬಂದದ್ದು. ನನ್ನ ಅಜ್ಜನಿಗಿಂತಲೂ ಹಳೆಯದು!

ಕೆಂಟ್ ತಂಡದ ಮೈದಾನ ಇರುವುದು ಕ್ಯಾಂಟರ್ಬರಿ ಎಂಬ ಊರಲ್ಲಿ. ಆ ಮೈದಾನದ ಗೆರೆಯ ಒಳಗೇ ಒಂದು ದೊಡ್ಡ ಲೈಮ್ ಮರ ಇತ್ತು. ಲೈಮ್ ಅಂದಕೂಡಲೇ ನಿಂಬೆಗಿಡ ಅಂದುಕೊಳ್ಳಬೇಡಿ, ಇದು ಬೇರೆ ಜಾತಿಯ ಹೆಮ್ಮರ. ಚೆಂಡು ಮರಕ್ಕೆ ತಗುಲಿದರೆ ನಾಲ್ಕು ರನ್ ಎಂದು ನಿಯಮವನ್ನೇ ಮಾಡಿಕೊಂಡಿದ್ದರೇ ಹೊರತು ಮರ ಕಡಿಯಲಿಲ್ಲ. ಕೊನೆಗೆ 2005ರ ಜನವರಿಯಲ್ಲಿ ಬಿರುಗಾಳಿಗೆ ಅದು ತಾನಾಗಿಯೇ ಬಿತ್ತು. ಆಟಕ್ಕೆ ಅಡ್ಡ ಬಂದ ಮರವನ್ನು ಉಳಿಸಿಕೊಳ್ಳುವ ಜನ ನನಗೆ ಇಷ್ಟ. ನಮ್ಮ ಊರುಗಳಲ್ಲಿ ಬೇವಿನ ಮರಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದರೆ ಕಲಬುರಗಿಯ ಬಿಸಿಲು ಒಂದಿಷ್ಟು ತಗ್ಗುತ್ತಿತ್ತೇನೋ.

ಈ ಕೆಂಟ್ ತಂಡಕ್ಕೆ 2000ನೇ ಇಸವಿಯಲ್ಲಿ ನಮ್ಮ ರಾಹುಲ್ ದ್ರಾವಿಡ್ ಆಡಲು ಹೋದರು. ಆಗ ಒಂದು ಕೌಂಟಿಯಲ್ಲಿ ಒಬ್ಬನೇ ಪರದೇಶದ ಆಟಗಾರ ಇರಬೇಕೆಂಬ ಕಟ್ಟಳೆ ಇತ್ತು. ಅಂದಮೇಲೆ ಅವನ ಮೇಲೆ ಎಷ್ಟು ನಿರೀಕ್ಷೆ ಇದ್ದೀತು! ನಮ್ಮವರು ಕೌಂಟಿಗೆ ಹೋಗಿ ಹೆಸರು ತಂದದ್ದು ಅದೇ ಮೊದಲಲ್ಲ. 1995ರಲ್ಲಿ ಅನಿಲ್ ಕುಂಬ್ಳೆ ನಾರ್ತ್ಯಾಂಪ್ಟನ್‌ಶೈರ್ ಪರ ಒಂದೇ ಋತುವಿನಲ್ಲಿ 105 ವಿಕೆಟ್ ಕಿತ್ತಿದ್ದರು. ದ್ರಾವಿಡರಿಗೆ ಮಾತ್ರ ಅದು ಕಲಿಯುವ ಕಾಲ. ಅದಕ್ಕೆ ಹಿಂದಿನ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವರ ಬ್ಯಾಟು ಮಾತಾಡಿರಲಿಲ್ಲ. ಇಂಗ್ಲೆಂಡಿನ ಏಪ್ರಿಲ್ ಅಂದರೆ ಬೆರಳು ಮರಗಟ್ಟುವ ಚಳಿ, ಹಸಿ ಪಿಚ್ಚು, ಗಾಳಿಯಲ್ಲಿ ಹಾವಿನ ಹಾಗೆ ಸರಿಯುವ ಚೆಂಡು. ಅಂಥಲ್ಲಿ ಆ ಬೇಸಿಗೆ ಸಾವಿರಕ್ಕೂ ಹೆಚ್ಚು ರನ್ ಮಾಡಿದರು. ಹ್ಯಾಂಪ್‌ಶೈರ್ ತಂಡದಲ್ಲಿದ್ದ ಶೇನ್ ವಾರ್ನ್ ಎದುರು ಹೊಡೆದ 137 ರನ್ನು ಅದರಲ್ಲಿ ಸೇರಿದೆ.

ಕೆಂಟ್ ತಂಡಕ್ಕೆ ಆಗ ಕೋಚ್ ಆಗಿದ್ದವರು ನ್ಯೂಜಿಲೆಂಡಿನ ಜಾನ್ ರೈಟ್. ಎಡಗೈ ಆರಂಭಿಕ ಬ್ಯಾಟ್ಸ್‌ಮನ್. 82 ಟೆಸ್ಟ್ ಆಡಿ 5,334 ರನ್, 12 ಶತಕ ಗಳಿಸಿದವರು. ಡರ್ಬಿಶೈರ್ ಕೌಂಟಿಗೆ ಎಷ್ಟೋ ವರ್ಷ ಆಡಿ, ಆಮೇಲೆ ಕೆಂಟಿಗೆ ಬಂದು ಹುಡುಗರನ್ನು ತಯಾರು ಮಾಡುತ್ತಿದ್ದರು. ಈಗಿನ ಹಾಗೆ ಬ್ಯಾಟಿಂಗಿಗೊಬ್ಬ, ಬೌಲಿಂಗಿಗೊಬ್ಬ, ಫೀಲ್ಡಿಂಗಿಗೊಬ್ಬ ಗುರು ಎಂಬ ದೊಡ್ಡ ಪರಿವಾರ ಆಗ ಇನ್ನೂ ಬೆಳೆದಿರಲಿಲ್ಲ. ಕೋಚ್ ಬ್ಯಾಟಿಂಗ್ ಬಲ್ಲವನಾಗಿದ್ದರೆ ಅವನೇ ಬ್ಯಾಟಿಂಗ್ ಮಾಸ್ತರು.

ಬ್ಯಾಟಿಂಗ್ ಮಾಸ್ತರು ಏನು ಮಾಡುತ್ತಾರೆ? ದೂರದಿಂದ ನೋಡಿದವರಿಗೆ ಚೆಂಡು ಎಸೆಯುತ್ತಾರೆ, ಅಷ್ಟೆ. ಹತ್ತು ಹನ್ನೆರಡು ಹೆಜ್ಜೆ ದೂರ ನಿಂತು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಎಸೆಯುವುದಕ್ಕೆ ಥ್ರೋಡೌನ್ ಎನ್ನುತ್ತಾರೆ. ಬೌಲರ್ ಓಡಿ ಬಂದು ಹಾಕಿದರೆ ಆರು ಚೆಂಡು ಆರು ಥರ ಬೀಳುತ್ತವೆ. ಥ್ರೋಡೌನಿನಲ್ಲಿ ಮಾಸ್ತರು ಬೇಕಾದಲ್ಲಿಗೇ ಹಾಕಿ ಒಂದೇ ತಪ್ಪನ್ನು ನೂರು ಸಲ ತಿದ್ದಬಹುದು. ಕಣ್ಣು ಮಾತ್ರ ಚೆಂಡಿನ ಮೇಲೆ ಇರುವುದಿಲ್ಲ. ಹುಡುಗನ ತಲೆ ಆಫ್ ಕಡೆ ವಾಲಿತೇ, ಮುಂಗಾಲು ಅಡ್ಡ ಬಂತೇ, ಕೆಳಗಿನ ಕೈ ಬ್ಯಾಟನ್ನು ಹೆಚ್ಚು ಬಿಗಿಯಾಗಿ ಹಿಡಿಯಿತೇ, ಇದನ್ನೆಲ್ಲ ನೋಡುತ್ತಿರುತ್ತಾರೆ. ನೋಡಿದ್ದನ್ನೆಲ್ಲ ಹೇಳಿಬಿಡುವುದೂ ಇಲ್ಲ. ಯಾವ ಹುಡುಗನಿಗೆ ಇವತ್ತೇ ಹೇಳಬೇಕು, ಯಾರಿಗೆ ಪಂದ್ಯ ಮುಗಿದ ಮೇಲೆ ಹೇಳಬೇಕು ಎಂಬ ಲೆಕ್ಕ ಅವರ ಹತ್ತಿರ ಇರುತ್ತದೆ.

ಅತ್ತ ಭಾರತದಲ್ಲಿ ಕಪಿಲ್ ದೇವ್ 2000ರ ಸೆಪ್ಟೆಂಬರ್‌ನಲ್ಲಿ ಕೋಚ್ ಹುದ್ದೆ ಬಿಟ್ಟರು. ನಮ್ಮ ತಂಡಕ್ಕೆ ಹೊಸ ಗುರು ಬೇಕಾಯಿತು. ಅಲ್ಲಿಯವರೆಗೆ ಭಾರತ ತಂಡಕ್ಕೆ ಪರದೇಶದ ಕೋಚ್ ಎಂಬುದೇ ಇರಲಿಲ್ಲ. ಕೆಂಟಿನಲ್ಲಿ ಒಂದು ಋತು ಪೂರ್ತಿ ರೈಟ್ ಅವರ ಕೆಲಸವನ್ನು ಹತ್ತಿರದಿಂದ ಕಂಡಿದ್ದ ದ್ರಾವಿಡರ ಮೂಲಕವೇ ಆ ಹೆಸರು ಮುಂದೆ ಬಂತು. ಕೊನೆಗೆ ಜಾನ್ ರೈಟ್ ಭಾರತಕ್ಕೆ ಬಂದರು, ಕೆಂಟ್ ತನ್ನ ಮಾಸ್ತರನ್ನು ಕಳೆದುಕೊಂಡಿತು. ಬೇಸಿಗೆಗೆಂದು ಕರೆಸಿಕೊಂಡ ಅತಿಥಿಯ ಬೆನ್ನಿಗೇ ಮನೆಯ ಮಾಸ್ತರೂ ಹೊರಟ ಹಾಗಾಯಿತು!

ಈ ಕಥೆಯನ್ನು ನಾನು ಮೊದಲು ಹೇಳಿದ್ದು ಕಮಲಾಪುರದಲ್ಲಿ, ನನ್ನ ಮೊಮ್ಮಗನಿಗೆ. ಮಗಳ ಮನೆ ಅಲ್ಲೇ. ಭಾನುವಾರ ಕಲಬುರಗಿಯಿಂದ ಹುಮನಾಬಾದ್ ಬಸ್ಸು ಹತ್ತಿ ಹೋಗುತ್ತೇನೆ, ಬರುವಾಗ ಚೀಲದಲ್ಲಿ ಕೆಂಪು ಬಾಳೆಹಣ್ಣು ಇರಲೇಬೇಕು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಗೊತ್ತಲ್ಲ? ಕಳೆದ ವರ್ಷ ಅಲ್ಲಿಯ ಹುಡುಗರಿಗೆ ಕ್ರಿಕೆಟ್ ಕಲಿಸುತ್ತಿದ್ದ ದೈಹಿಕ ಶಿಕ್ಷಕರಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಬೆಳಿಗ್ಗೆ ಆರಕ್ಕೇ ಬಂದು ಥ್ರೋಡೌನ್ ಹಾಕುತ್ತಿದ್ದವರು. ಹಳೆ ಕಾಲುಚೀಲದಲ್ಲಿ ಚೆಂಡು ಹಾಕಿ ಬೇವಿನ ಕೊಂಬೆಗೆ ತೂಗುಬಿಟ್ಟು, ನೇರ ಬ್ಯಾಟಿನಿಂದ ಹೊಡೆಯುವುದನ್ನು ಕಲಿಸಿದ್ದರು. ಹುಡುಗರು ಸೇರಿ ಅವರಿಗೆ ಒಂದು ಇಡೀ ಬಾಳೆಗೊನೆ ಕೊಟ್ಟು ಕಳಿಸಿದರಂತೆ.

ಮುಂದಿನ ಭಾನುವಾರ ನಾನು ಹೋದಾಗ ಮೊಮ್ಮಗನ ಬ್ಯಾಟು ಮಂಚದ ಕೆಳಗಿತ್ತು.

"ಅಜ್ಜಾ, ಸರ್ ಹೋದ್ರು. ಇನ್ನ ನಾ ಆಡಂಗಿಲ್ಲ."

ಕೆಂಟಿನ ಕಥೆ ಹೇಳಿದೆ. ಸುಮ್ಮನೆ ಕೇಳಿ, ಕೊನೆಗೆ ಒಂದು ಪ್ರಶ್ನೆ ಎಸೆದ: "ಹಂಗಾದ್ರ ದ್ರಾವಿಡ್ ಅವರ ಸರ್‌ನ ಕದ್ಕೊಂಡ್ ಬಂದಾನೇನು?"

ಹನ್ನೆರಡು ವರ್ಷದ ಹುಡುಗ ಕೇಳಿದ ಈ ಪ್ರಶ್ನೆಗೆ ನಾನು ಒಂದು ಬಾಳೆಹಣ್ಣು ಸುಲಿದು ಮುಗಿಸುವಷ್ಟು ಹೊತ್ತು ಯೋಚಿಸಬೇಕಾಯಿತು. ಕಳವು ಅಲ್ಲ. ಮಾಸ್ತರು ಯಾರ ಗಂಟೂ ಅಲ್ಲ, ಅವರಿಗೂ ಮುಂದಕ್ಕೆ ಹೋಗುವ ಆಸೆ ಇರುತ್ತದೆ. ಒಂದು ಕೌಂಟಿಯನ್ನು ನೋಡಿಕೊಳ್ಳುವವನಿಗೆ ಒಂದು ದೇಶದ ತಂಡ ಕರೆದರೆ ಬೇಡ ಅನ್ನಬೇಕೇ? ಆದರೆ ಕೆಂಟಿಗೆ ನಷ್ಟವೇ ಆಗಲಿಲ್ಲ ಎಂದು ಹೇಳಿದರೆ ಅದು ಸುಳ್ಳು ಲೆಕ್ಕ. ನಮ್ಮ ಬ್ಯಾಂಕಿನಲ್ಲಿ ವರ್ಗವಾದವನು ಚಾರ್ಜ್ ಕೊಟ್ಟು ಹೋಗಬೇಕು. ಕ್ಯಾಷ್ ಎಣಿಸಿ, ಕೀಲಿ ಒಪ್ಪಿಸಿ, ಲೆಡ್ಜರು ತಾಳೆ ನೋಡಿ ಸಹಿ ಹಾಕಿದರೆ ಕೆಲಸ ಮುಗಿಯಿತು. ಆದರೆ ಯಾವ ರೈತ ಹೆಬ್ಬೆಟ್ಟು ಒತ್ತಲು ನಾಚುತ್ತಾನೆ, ಯಾವ ಬಾಳೆತೋಟದವನು ಲಾರಿ ತುಂಬಿಸಿಯೇ ಹಣ ಕಟ್ಟಲು ಬರುತ್ತಾನೆ, ಅವನಿಗಾಗಿ ಕೌಂಟರ್ ಐದು ನಿಮಿಷ ತೆರೆದಿಡಬೇಕು ಎಂಬುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಹೊಸಬ ಅದನ್ನು ಮೊದಲಿನಿಂದ ಕಲಿಯಬೇಕು. ಕೆಂಟಿನ ಹುಡುಗರ ಕಾಲು, ಕೈ, ತಲೆಯ ಲೆಕ್ಕವೂ ರೈಟ್ ಅವರ ಕಣ್ಣಿನೊಳಗೇ ವಿಮಾನ ಹತ್ತಿತು.

ಹಾಗೆಂದು ಕೆಂಟ್ ಕುಸಿದು ಬೀಳಲಿಲ್ಲ. ಮರುವರ್ಷ, 2001ರಲ್ಲಿ, ನಾರ್ವಿಚ್ ಯೂನಿಯನ್ ಲೀಗ್ ಎಂಬ ಒಂದು ದಿನದ ಪಂದ್ಯಾವಳಿಯನ್ನು ಗೆದ್ದುಕೊಂಡಿತು. ಇದನ್ನು ಕೇಳಿ ಮೊಮ್ಮಗನ ಮುಖ ಸ್ವಲ್ಪ ಅರಳಿತು. ಅದರಲ್ಲಿ ಹಳೆ ಮಾಸ್ತರ ಪಾಲು ಎಷ್ಟು, ಹೊಸಬರ ಪಾಲು ಎಷ್ಟು ಎಂದು ಬೇರ್ಪಡಿಸಲು ಯಾವ ಬಿಕಾಂ ಪದವೀಧರನಿಂದಲೂ ಆಗದು.

ಇತ್ತ ರೈಟ್ ಅವರ ಮೊದಲ ಟೆಸ್ಟ್ ದೆಹಲಿಯಲ್ಲಿ, ಜಿಂಬಾಬ್ವೆ ಎದುರು, 2000ರ ನವೆಂಬರ್‌ನಲ್ಲಿ. ದ್ರಾವಿಡ್ ಔಟಾಗದೆ 200, ಮತ್ತೆ ಔಟಾಗದೆ 70. ಮೈಸೂರಿನ ಜಾವಗಲ್ ಶ್ರೀನಾಥ್ ಒಂಬತ್ತು ವಿಕೆಟ್ ಪಡೆದರು. ಭಾರತ ಗೆದ್ದಿತು.

ನಿಜವಾದ ಪರೀಕ್ಷೆ ಬಂದದ್ದು 2001ರ ಮಾರ್ಚ್‌ನಲ್ಲಿ, ಕೋಲ್ಕತ್ತದಲ್ಲಿ. ಅಜ್ಜಂದಿರೇ, ನಿಮಗೆ ನೆನಪಿರದೆ ಇದ್ದೀತೇ? ಸತತ ಹದಿನಾರು ಟೆಸ್ಟ್ ಗೆದ್ದು ಬೀಗುತ್ತಿದ್ದ ಸ್ಟೀವ್ ವಾ ಅವರ ಆಸ್ಟ್ರೇಲಿಯಾ 445 ಮಾಡಿತು. ನಾವು 171ಕ್ಕೆ ಮುಗಿದೆವು. ಫಾಲೋ ಆನ್. ಕೊನೆಯವರಾಗಿ ಔಟಾದ ವಿ.ವಿ.ಎಸ್. ಲಕ್ಷ್ಮಣ್ 59 ಹೊಡೆದಿದ್ದರು. ಅವರು ಒಳಗೆ ಬಂದಾಗ ರೈಟ್ ಹೇಳಿದ್ದು ಇಷ್ಟೇ: ಎರಡನೇ ಸರದಿಯಲ್ಲಿ ನೀನು ಮೂರನೆಯವನಾಗಿ ಇಳಿ.

ಮೂರನೇ ಕ್ರಮಾಂಕ ಯಾರದ್ದು? ದ್ರಾವಿಡರದ್ದು! ಯಾರ ಮೂಲಕ ಈ ಮಾಸ್ತರು ಭಾರತಕ್ಕೆ ಬಂದರೋ ಅವರನ್ನೇ ಕೆಳಗಿಳಿಸಿ ಆರನೆಯ ಜಾಗಕ್ಕೆ ಕಳಿಸಿದರು. ನಾಯಕ ಸೌರವ್ ಗಂಗೂಲಿ ಒಪ್ಪಿದರು. ಪರಿಚಯದವನು, ಉಪಕಾರ ಮಾಡಿದವನು ಎಂಬ ಮುಲಾಜು ನೋಡಿದ್ದರೆ ಆ ಪಂದ್ಯ ಉಳಿಯುತ್ತಿರಲಿಲ್ಲ. ನನಗೆ ರೈಟ್ ಅವರ ಮೇಲೆ ಗೌರವ ಹುಟ್ಟಿದ್ದು ಅವರ 5,334 ರನ್ನಿಗಾಗಿ ಅಲ್ಲ, ಈ ಒಂದು ತೀರ್ಮಾನಕ್ಕಾಗಿ. ತುಟಿ ಪಿಟಕ್ಕೆನ್ನದೆ ಆರನೆಯವರಾಗಿ ಇಳಿದ ದ್ರಾವಿಡರ ಮೇಲೂ ಅಷ್ಟೇ ಗೌರವ.

ಮಾರ್ಚ್ 14, ಬುಧವಾರ. ನಾನಾಗ ಕಮಲಾಪುರದ ಶಾಖೆಯಲ್ಲೇ ಗುಮಾಸ್ತ. ವರ್ಷದ ಕೊನೆಯ ಲೆಕ್ಕದ ಗಡಿಬಿಡಿ, ತಲೆ ಎತ್ತಲೂ ಪುರಸೊತ್ತಿಲ್ಲ. ಎದುರಿನ ಚಹಾ ಅಂಗಡಿಯಲ್ಲಿ ರೇಡಿಯೋ. ಬೆಳಿಗ್ಗೆ ಆಟ ಶುರುವಾದಾಗ 4 ವಿಕೆಟ್ಟಿಗೆ 254. ಹಣ ತೆಗೆಯಲು ಬಂದವರು ಚೀಟಿಗಿಂತ ಮೊದಲು ಸ್ಕೋರು ಕೊಡುತ್ತಿದ್ದರು. ಹನ್ನೆರಡಕ್ಕೆ ಬಂದವನು "ಇನ್ನೂ ನಾಕೇ ವಿಕೆಟ್" ಅಂದ. ಎರಡಕ್ಕೆ ಬಂದವನೂ ಅದನ್ನೇ ಅಂದ. ಸಂಜೆ ಲೆಡ್ಜರು ಮುಚ್ಚುವಾಗ 4 ವಿಕೆಟ್ಟಿಗೆ 589! ಇಡೀ ದಿನ ಒಂದೂ ವಿಕೆಟ್ ಬೀಳಲಿಲ್ಲ, 335 ರನ್ ಸೇರಿದವು. ಲಕ್ಷ್ಮಣ್ ಒಟ್ಟು 281, ದ್ರಾವಿಡ್ 180, ಇಬ್ಬರ ಜೊತೆಯಾಟ 376. ಮರುದಿನ ಹರಭಜನ್ ಸಿಂಗ್ ಉಳಿದ ಕೆಲಸ ಮುಗಿಸಿದರು. 171 ರನ್ನುಗಳ ಗೆಲುವು.

ರೈಟ್ 2005ರವರೆಗೆ ನಮ್ಮಲ್ಲಿದ್ದು ಹೋದರು. ಆಗ ಮಾಸ್ತರನ್ನು ಕಳೆದುಕೊಳ್ಳುವ ಸರದಿ ನಮ್ಮದು. ಮುಂದೆ ದ್ರಾವಿಡರೇ ಮಾಸ್ತರಾದರು. 2018ರಲ್ಲಿ ಅವರ ಹುಡುಗರು ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಉಳಿದ ಸಹಾಯಕರಿಗೆ 20 ಲಕ್ಷ ಎಂದು ಬಹುಮಾನ ಸಾರಿತು. ದ್ರಾವಿಡ್ ಒಪ್ಪಲಿಲ್ಲ, ಕೊನೆಗೆ ಎಲ್ಲರಿಗೂ 25 ಲಕ್ಷ ಸಮನಾಗಿ ಬಂತು. ಮೂವತ್ತೈದು ವರ್ಷ ಬೇರೆಯವರ ದುಡ್ಡು ಎಣಿಸಿದ ನನಗೆ ಈ ಲೆಕ್ಕ ಬಹಳ ಹಿಡಿಸಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ ಗೆದ್ದ ದಿನವೇ ದ್ರಾವಿಡರೂ ಭಾರತ ತಂಡದ ಚಾರ್ಜ್ ಕೊಟ್ಟರು. ಬ್ಯಾಟಿಂಗ್ ಕೋಚ್ ವಿಕ್ರಮ್ ರಾಠೋರ್ ಅವರ ಅವಧಿಯೂ ಅಲ್ಲಿಗೇ ಮುಗಿಯಿತು.

ಕಮಲಾಪುರದಲ್ಲಿ ಈಗ ದೊಡ್ಡ ಹುಡುಗರೇ ಸಣ್ಣವರಿಗೆ ಥ್ರೋಡೌನ್ ಹಾಕುತ್ತಾರೆ. ಕೊಂಬೆಗೆ ಹೊಸ ಕಾಲುಚೀಲ ಬಂದಿದೆ, ನನ್ನದೇ. ಹಳೆ ಸರ್ ಆಗಾಗ ಫೋನ್ ಮಾಡಿ, ಯಾರು ಎಷ್ಟು ಹೊಡೆದರು ಎಂದು ಕೇಳುವುದಿಲ್ಲವಂತೆ, ಯಾರ ಮೊಣಕೈ ನೆಟ್ಟಗಾಯಿತು ಎಂದು ಕೇಳುತ್ತಾರಂತೆ. ಹೋದ ತಿಂಗಳು ಪಕ್ಕದ ಊರಿನವರ ಜೊತೆ ಪಂದ್ಯ. ಯಾವಾಗಲೂ ಮೂರನೆಯವನಾಗಿ ಇಳಿಯುವ ನಮ್ಮ ಹುಡುಗನನ್ನು ಆರಕ್ಕೆ ಹಾಕಿದರು. ಮುಖ ಗಂಟಿಕ್ಕಿಕೊಂಡು ನನ್ನ ಹತ್ತಿರ ಬಂದ. ನಾನು "ಕೋಲ್ಕತ್ತ" ಎಂದೆ ಅಷ್ಟೆ. ಹೋಗಿ ಆಡಿದ. ಹನ್ನೊಂದು ರನ್ ಮಾಡಿ ರನ್ ಔಟಾದ. 180ರ ಹೊತ್ತಿಗೆ ದ್ರಾವಿಡ್ ಕೂಡ ರನ್ ಔಟೇ ಆದದ್ದು ಎಂದು ಸಮಾಧಾನ ಹೇಳಿದೆ.

"ಅವರದು ನೂರಾ ಎಂಬತ್ತು, ಅಜ್ಜಾ!" ಎಂದು ಪ್ಯಾಡು ಬಿಚ್ಚಿ ಒಗೆದ.