ಮೊಳ ಹಾಕಿದರೆ ಸಿಗುವ ಗಣಿತ

ಜೇವರ್ಗಿ ತಾಲ್ಲೂಕಿನ ಕೊಳಕೂರ ಇರಲಿ, ಬೆಂಗಳೂರಿನ ಗಾಂಧಿ ಬಜಾರ್ ಇರಲಿ, ಹೂವು ಕೊಳ್ಳುವಾಗ ಒಂದು ತಕರಾರು ತಪ್ಪಿದ್ದಲ್ಲ. ಮಾರುವವಳು ತನ್ನ ಮೊಳ ಹಾಕುತ್ತಾಳೆ. ಕೊಳ್ಳುವವಳು ತನ್ನ ಕೈಯಲ್ಲಿ ಅಳೆದು ‘ನಾಲ್ಕು ಬೆರಳು ಕಡಿಮೆ’ ಎನ್ನುತ್ತಾಳೆ. ಇಬ್ಬರದೂ ಸುಳ್ಳಲ್ಲ. ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ ಒಬ್ಬೊಬ್ಬರಿಗೆ ಒಂದೊಂದು. ಈ ತೊಡಕು ಕೌಟಿಲ್ಯನಿಗೂ ಗೊತ್ತಿತ್ತು. ಅಂಗುಲವೆಂದರೆ ಮಧ್ಯಮ ಗಾತ್ರದ ಮನುಷ್ಯನ ನಡುಬೆರಳಿನ ಅಗಲ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಅಂಥ 12 ಅಂಗುಲಕ್ಕೆ ಒಂದು ಗೇಣು, 24ಕ್ಕೆ ಒಂದು ಮೊಳ. 1956ರ ಕಾಯ್ದೆ ಬಂದು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಮೆಟ್ರಿಕ್ ಅಳತೆ ಜಾರಿಯಾದ ಮೇಲೆ ಬಟ್ಟೆಯಂಗಡಿಯ ಗಜ ಹೋಯಿತು. ಹೂವಿನ ಬುಟ್ಟಿಯ ಮೊಳ ಮಾತ್ರ ಉಳಿಯಿತು.

ವ್ಯಾಪಾರದಲ್ಲಿ ಜಗಳ ತರುವ ಈ ಮೊಳ ಅನುಪಾತದ ಪಾಠಕ್ಕೆ ಹೇಳಿಮಾಡಿಸಿದಂತಿದೆ. ತಂದೆಯ ಎತ್ತರ 168 ಸೆಂ.ಮೀ., ಮೊಳ 45 ಎಂದುಕೊಳ್ಳಿ. ಮಗಳ ಎತ್ತರ 140, ಮೊಳ 37. ಉದ್ದಗಳು ಬೇರೆ. ಆದರೆ ಎತ್ತರವನ್ನು ಮೊಳದಿಂದ ಭಾಗಿಸಿದರೆ ಒಂದು ಕಡೆ 3.73, ಇನ್ನೊಂದು ಕಡೆ 3.78. ಅವರವರ ಮೊಳದಲ್ಲಿ ಅವರವರು ಹೆಚ್ಚುಕಡಿಮೆ ಒಂದೇ ಎತ್ತರ! ಮಾರಿನ ಕಥೆಯೂ ಹೀಗೆಯೇ. ಎರಡೂ ಕೈ ಚಾಚಿದ ಅಗಲ ಸುಮಾರಾಗಿ ಎತ್ತರಕ್ಕೆ ಸಮ. ಬೆನ್ನು ಬಾಗಿದ ಮುದುಕರ ಎತ್ತರ ಬೇಕಾದಾಗ ವೈದ್ಯರು ಅವರ ಮಾರನ್ನು ಅಳೆಯುವುದು ಇದರಿಂದಲೇ. (ಹೊಕ್ಕುಳಿನ ಎತ್ತರದಲ್ಲಿ 1.618 ಎಂಬ ‘ಸುವರ್ಣ ಅನುಪಾತ’ ಅಡಗಿದೆಯೆಂದು ಹೇಳುವವರಿದ್ದಾರೆ. ಟೇಪು ಹಿಡಿದು ಹತ್ತು ಜನರನ್ನು ಅಳೆದರೆ ಹತ್ತು ಉತ್ತರ ಬರುತ್ತದೆ.)

ಇನ್ನು ಪಾದ. ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಎತ್ತರ ಪಾದದ ಆರರಷ್ಟು ಎಂದಿದ್ದ. ಅಳೆದು ನೋಡಿದರೆ 6.6ರ ಆಸುಪಾಸು ಬರುತ್ತದೆ. ಈ ಸಂಖ್ಯೆಯನ್ನು ಹಿಡಿದು ಶ್ರವಣಬೆಳಗೊಳಕ್ಕೆ ಹೋಗೋಣ. ಅಲ್ಲಿಯ ಗೊಮ್ಮಟನ ಪಾದ 9 ಅಡಿ. ತ್ರೈರಾಶಿಕ ಹಾಕಿದರೆ ಎತ್ತರ 59 ಅಡಿಗೆ ತುಸು ಮೇಲೆ ಬರಬೇಕು. ನಿಜವಾದ ಎತ್ತರ ಸುಮಾರು 58 ಅಡಿ. ಸಾವಿರ ವರ್ಷದ ಹಿಂದಿನ ಶಿಲ್ಪಿಯ ಲೆಕ್ಕ ಎಷ್ಟು ಹತ್ತಿರ! ಆದರೆ ಅದೇ ಶಿಲ್ಪಿ ಭುಜದ ಹತ್ತಿರ ಈ ಲೆಕ್ಕವನ್ನು ಬಿಟ್ಟಿದ್ದಾನೆ. ಮನುಷ್ಯನ ಭುಜದ ಅಗಲ ಎತ್ತರದ ಕಾಲುಭಾಗದಷ್ಟು. ಆ ಪ್ರಕಾರ ಗೊಮ್ಮಟನ ಭುಜ 15 ಅಡಿಯ ಹತ್ತಿರ ಇರಬೇಕಿತ್ತು. ಇರುವುದು 26 ಅಡಿ. ಕಾಲಬುಡದಲ್ಲಿ ನಿಂತು ತಲೆಯೆತ್ತಿದವರಿಗೆ ಮೇಲಿನ ಭಾಗ ಕಿರಿದಾಗಿ ಕಾಣುತ್ತದೆ ಎಂಬುದನ್ನು ನೆನೆದರೆ ಕಾರಣ ಊಹಿಸಬಹುದು.

ದೊಡ್ಡವರ ಅನುಪಾತ ಕೂಸಿಗೆ ಒಗ್ಗುವುದಿಲ್ಲ. ಹುಟ್ಟಿದ ಮಗುವಿನ ತಲೆ ಮೈಯ ಉದ್ದದ ನಾಲ್ಕನೇ ಒಂದು ಭಾಗ. ಬೆಳೆದವರಲ್ಲಿ ಅದು ಏಳೂವರೆಯಲ್ಲಿ ಒಂದು ಭಾಗ. ದೊಡ್ಡವರ ಚಿತ್ರವನ್ನೇ ಕುಗ್ಗಿಸಿ ಬರೆದರೆ ಮಗುವಾಗದೆ ಕುಳ್ಳ ಮನುಷ್ಯನಾಗುವುದು ಇದಕ್ಕೇ. ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ.

ಹೀಗೆ ನಿಧಾನ ಬೆಳೆಯುವ ಒಂದು ಅಳತೆಯನ್ನು ತಂದೆತಾಯಿಯರು ತಿಳಿದಿರುವುದು ಒಳ್ಳೆಯದು. ಒಂದು ವರ್ಷಕ್ಕೆ ಸುಮಾರು 75 ಸೆಂ.ಮೀ. ಇರುವ ಮಗು ಐದು ತುಂಬುವಾಗ 110ರ ಹತ್ತಿರ ಬಂದಿರುತ್ತದೆ. ಆದರೆ ಅದರ ತೋಳಿನ ನಡುಭಾಗದ ಸುತ್ತಳತೆ ಹೆಚ್ಚುವುದು ಎರಡು ಸೆಂ.ಮೀ. ಆಸುಪಾಸು ಅಷ್ಟೆ. ಹೀಗಾಗಿ ವಯಸ್ಸು ಸರಿಯಾಗಿ ಗೊತ್ತಿಲ್ಲದಿದ್ದರೂ ಆರು ತಿಂಗಳಿನಿಂದ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೇ ಪಟ್ಟಿ ಸಾಕಾಗುತ್ತದೆ. ಕೆಂಪು, ಹಳದಿ, ಹಸಿರು ಬಣ್ಣದ ಆ ಪಟ್ಟಿಯನ್ನು ಎಡತೋಳಿಗೆ ಸುತ್ತುತ್ತಾರೆ. 12.5 ಸೆಂ.ಮೀ. ಮತ್ತು ಅದರ ಮೇಲಿದ್ದರೆ ಹಸಿರು. 11.5ರಿಂದ 12.5ರ ನಡುವೆ ಹಳದಿ, ಅಂದರೆ ಮಗುವಿಗೆ ಆಹಾರ ಸಾಲುತ್ತಿಲ್ಲ. 11.5ಕ್ಕಿಂತ ಕಡಿಮೆಯಾದರೆ ಕೆಂಪು: ತೀವ್ರ ಅಪೌಷ್ಟಿಕತೆ. ಮುಖ ದುಂಡಗಿದೆ, ಆಟವಾಡಿಕೊಂಡಿದೆ ಎಂದು ಸುಮ್ಮನಿರದೆ ಅಂಥ ಮಗುವನ್ನು ಅಂದೇ ಆಸ್ಪತ್ರೆಗೆ ತೋರಿಸಬೇಕು.